ಬೈತಖೋಲದ ಬಾತು: ಜೀವವುಳ್ಳ ಸರಕೂ ದಾರಿಯ ಕಾಲವೂ

೧

ಕಾರವಾರ ಪಟ್ಟಣದ ತೆಂಕಣ ದಿಕ್ಕಿನಲ್ಲಿ, ಗುಡ್ಡದ ಮೂಗು ಕಡಲಿನೊಳಕ್ಕೆ ಚಾಚಿ ಮಳೆಗಾಲದ ಗಾಳಿಯನ್ನು ತಡೆದು ನಿಲ್ಲಿಸುವ ಎಡೆಯಲ್ಲಿ, ಬೈತಖೋಲವೆಂಬ ಕೊಲ್ಲಿಯುಂಟು. ಆ ಹೆಸರು ಅರಬ್ಬೀ ಭಾಷೆಯಿಂದ ಬಂದುದೆಂದೂ, ಸುರಕ್ಷಿತವಾದ ಕೊಲ್ಲಿಯೆಂಬುದೇ ಅದರ ಅರ್ಥವೆಂದೂ ರೂಢಿಯಲ್ಲಿರುವ ವಿವರಣೆ. ಕಾರವಾರವೆಂಬ ಹೆಸರು ಪ್ರಬಲವಾಗುವುದಕ್ಕೆ ಮುಂಚೆ ಬಂದರಿಗೆಲ್ಲ ಬೈತಖೋಲವೆಂದೇ ಹೆಸರಿದ್ದಿತೆಂದೂ ಹೇಳುವರು. ವ್ಯುತ್ಪತ್ತಿಯ ಮಾತು ಹೇಗೇ ಇರಲಿ, ಅರ್ಥವು ಸ್ಥಳದ ಗುಣಕ್ಕೆ ಚೆನ್ನಾಗಿ ಒಪ್ಪುತ್ತದೆ. ಹಾಯಿಯ ಹಡಗುಗಳಿಗೆ ಇಲ್ಲಿ ಆಸರೆ ದೊರೆಯುತ್ತಿದ್ದಿತು. ಇಂದಿಗೂ ಮೀನುಗಾರರ ದೋಣಿಗಳು ಇಲ್ಲಿಯೇ ತಂಗುತ್ತವೆ.

ಇಂಥ ಸ್ಥಳದ ಚರಿತ್ರೆಯನ್ನು ಬರೆಯುವವರು ಸಹಜವಾಗಿಯೇ ಮೆಣಸಿನ ಮಾತನ್ನೂ, ಹುಬ್ಬಳ್ಳಿಯ ಕಡೆಯಿಂದ ಇಳಿದು ಬರುತ್ತಿದ್ದ ನಯವಾದ ಬಟ್ಟೆಯ ಮಾತನ್ನೂ, ಆಮೇಲೆ ಧಾರವಾಡ ಸೀಮೆಯ ಹತ್ತಿಯ ಮಾತನ್ನೂ ಎತ್ತುವರು. ಇವೆಲ್ಲ ಕಾಯಬಲ್ಲ ಸರಕುಗಳು. ಮೆಣಸಿನ ಚೀಲವು ಉಗ್ರಾಣದಲ್ಲಿ ಒಂದು ಮಳೆಗಾಲವನ್ನು ಕಳೆದರೂ ಮೆಣಸಾಗಿಯೇ ಉಳಿಯುವುದು. ಹತ್ತಿಯ ಅಂಡಿಗೆ ತಡವಾದರೆ ಬೆಲೆ ಇಳಿದೀತೇ ಹೊರತು ಹತ್ತಿ ಸಾಯದು. ಇವುಗಳ ದಾರಿಯನ್ನು ಹರದಾರಿಗಳಲ್ಲಿ ಅಳೆದರೆ ಸಾಕಾಗುವುದು. ಆದರೆ ದಾರಿಯಲ್ಲಿ ಸಾಯಬಲ್ಲ ಸರಕೂ ಒಂದುಂಟು. ಕಾವಿಗೆ ಇಡತಕ್ಕ ಮೊಟ್ಟೆ ಮತ್ತು ಅಂದೇ ಹೊರಬಿದ್ದ ಮರಿ ಇವೆರಡೂ ಅಂಥವು.

ದೂರದ ಮರಿಮಾಡುವ ಕೇಂದ್ರಕ್ಕೆ ಕಾಗದ ಬರೆದು, ಮುಂಗಡ ಹಣ ಕಳುಹಿಸಿ, ಬಾತಿನ ಮರಿಗಳನ್ನೋ ಕಾವಿನ ಮೊಟ್ಟೆಗಳನ್ನೋ ತರಿಸಿಕೊಳ್ಳುವ ಪದ್ಧತಿ ಕಳೆದ ನೂರಮೂವತ್ತು ವರ್ಷಗಳಲ್ಲಿ ಪ್ರಪಂಚದ ಹಲವು ಕಡೆ ಬೆಳೆಯಿತು. ಹ್ಯಾಚರಿಯೆಂಬ ಹೆಸರು ಈಗ ಹಳ್ಳಿಗಳಲ್ಲಿಯೂ ಬಳಕೆಯಲ್ಲಿದೆ. ಈ ಪದ್ಧತಿಯು ಬೈತಖೋಲದಂಥ ಊರಿಗೆ ಯಾವ ಮಟ್ಟಿಗೆ ನಿಲುಕತಕ್ಕದ್ದಾಗಿದ್ದಿತು, ಏತಕ್ಕೆ ಬಹುಕಾಲ ನಿಲುಕದೆ ಹೋಯಿತು ಎಂಬುದು ಈ ಲೇಖನದ ವಿಷಯ. ಕಡಲಿನ ಕಡೆಯಿಂದ ನೋಡಿದವರಿಗೆ ನೂರಾರು ವರ್ಷ ಹೆಬ್ಬಾಗಿಲಾಗಿದ್ದ ಊರು, ಒಂದು ಹಕ್ಕಿಮರಿಯ ಲೆಕ್ಕದಲ್ಲಿ ಬಹಳ ದೂರದ ಊರಾಗಿದ್ದಿತೆಂಬುದನ್ನು ಮುಂದೆ ತೋರಿಸಲಾಗುವುದು.

೨

ಮೊದಲು ಹೆಸರನ್ನು ವಿಚಾರಿಸಬಹುದು. ಕನ್ನಡದ ಹಳೆಯ ಕಾವ್ಯಗಳಲ್ಲಿ ನೀರುಹಕ್ಕಿಗಳಿಗೆ ಕೊರತೆಯಿಲ್ಲ. ಕೊಳದ ವರ್ಣನೆ ಬಂದಲ್ಲಿ ಹಂಸೆ ಬರುವುದು. ವಿರಹದ ವರ್ಣನೆ ಬಂದಲ್ಲಿ ಜಕ್ಕವಕ್ಕಿ ಬರುವುದು. ಸಂಸ್ಕೃತದಲ್ಲಿ ಚಕ್ರವಾಕವೆನಿಸಿಕೊಂಡ ಈ ಜಕ್ಕವಕ್ಕಿಯನ್ನು ಪಕ್ಷಿಶಾಸ್ತ್ರಜ್ಞರು ಬಾತಿನ ಕುಲಕ್ಕೆ ಸೇರಿಸುವರು. ಚಳಿಗಾಲದಲ್ಲಿ ಬಡಗಲಿಂದ ಬಂದು ಬೇಸಗೆಗೆ ಹಿಂದಿರುಗುವ ಹೊಂಬಣ್ಣದ ಹಕ್ಕಿಯದು. ಆದರೆ ಅದು ಕವಿಯ ಹಕ್ಕಿಯೇ ಹೊರತು ಹಿತ್ತಲಿನ ಹಕ್ಕಿಯಲ್ಲ. ಹಿತ್ತಲಿನಲ್ಲಿ ಸಾಕುವ ಹಕ್ಕಿಗೆ ಕನ್ನಡಿಗರು ಇಟ್ಟುಕೊಂಡ ಹೆಸರು ಬಾತು ಎಂಬುದು.

ತೆಲುಗಿನಲ್ಲಿಯೂ ಬಾತು ಎಂದೇ ಇದೆ, ತಮಿಳಿನಲ್ಲಿ ವಾತ್ತು. ಅರಬ್ಬಿಯಲ್ಲಿ ಇದೇ ಹಕ್ಕಿಗೆ ಬತ್ತ್ ಎಂದು ಹೆಸರು, ಪಾರಸಿಯಲ್ಲಿ ಬತ್, ಹಿಂದೀ ಭಾಷೆಯ ಬತಖ್ ಎಂಬುದು ಅದರಿಂದಲೇ ಹುಟ್ಟಿದುದು. ಪೋರ್ತುಗೀಜರ ನುಡಿಯಲ್ಲಿ ಈ ಹಕ್ಕಿ ಪಾತು. ಇಷ್ಟು ಭಾಷೆಗಳಲ್ಲಿ ಹೆಸರಿನ ಹೋಲಿಕೆ ಕಾಣುವುದು ಗಮನಾರ್ಹವಾಗಿದೆ. ಹಕ್ಕಿಯ ಕೂಗನ್ನು ಅನುಕರಿಸಿ ಬೇರೆ ಬೇರೆ ಜನರು ಒಂದೇ ಬಗೆಯ ಶಬ್ದವನ್ನು ಕಟ್ಟಿಕೊಳ್ಳುವುದೂ ಸಾಧ್ಯವಾದುದರಿಂದ, ಹೋಲಿಕೆಯೊಂದರಿಂದಲೇ ವಂಶಾವಳಿಯನ್ನು ಬರೆಯಲಾಗದು. ಆದರೂ ಜಕ್ಕವಕ್ಕಿ ಎಂಬುದು ಕಾವ್ಯದ ದಾರಿಯಲ್ಲಿಯೂ, ಬಾತು ಎಂಬುದು ಬಂದರು ಸಂತೆಗಳ ದಾರಿಯಲ್ಲಿಯೂ ನಡೆದುಬಂದ ಶಬ್ದಗಳೆಂಬ ಭಾವನೆ ಇವನ್ನು ಒಟ್ಟಿಗೆ ಓದಿದವರಿಗೆ ಬಾರದೆ ಇರದು.

ಈ ಕುಲದಲ್ಲಿ ಒಂದು ಹಕ್ಕಿಯಂತೂ ನಿಶ್ಚಯವಾಗಿ ಕಡಲು ದಾಟಿಯೇ ಬಂದುದು. ಮುಖದ ಮೇಲೆ ಕೆಂಪು ಗಂಟುಗಳಿರುವ, ಕೂಗು ಕಡಿಮೆಯಾದ, ಮಸ್ಕೊವಿಯೆಂಬ ಭಾರವಾದ ಬಾತಿನ ಮೂಲಸ್ಥಾನ ಅಮೆರಿಕ ಖಂಡದ ದಕ್ಷಿಣ ಮತ್ತು ಮಧ್ಯ ಭಾಗ. ಆದುದರಿಂದ ಯುರೋಪಿಯನ್ನರು ಆ ಖಂಡವನ್ನು ಮುಟ್ಟಿದ ಮೇಲೆಯೇ ಅದು ಹಿಂದೂಸ್ಥಾನಕ್ಕೆ ಬಂದಿರಬೇಕು. ಅದು ಬಂದುದು ಕಾಗದದ ಬೇಡಿಕೆಯ ಮೇಲಲ್ಲ. ಹಡಗಿನ ಗೂಡಿನಲ್ಲಿ ಕಾಳು ತಿಂದು ಬೆಳೆದ ಹಕ್ಕಿಯಾಗಿ. ಮುಂದಿನ ವಿಚಾರಕ್ಕೆ ಈ ಭೇದವು ಮುಖ್ಯವಾದುದು.

೩

ಹಾಯಿಯ ಕಾಲದಲ್ಲಿ ದೂರದ ಪ್ರಯಾಣದ ಹಡಗುಗಳೆಲ್ಲ ಜೀವಂತ ಕೋಳಿ ಬಾತುಗಳನ್ನು ಹೊತ್ತು ಸಾಗುತ್ತಿದ್ದವು. ಮಂಜುಗಡ್ಡೆಯೂ ತಗಡಿನ ಡಬ್ಬಿಯೂ ಇಲ್ಲದ ದಿನಗಳಲ್ಲಿ ಹಸಿ ಮಾಂಸವನ್ನು ಕೆಡದಂತೆ ಕಾಪಾಡುವ ಉಪಾಯವೆಂದರೆ ಅದನ್ನು ಕೊಲ್ಲದೆ ಇಟ್ಟುಕೊಳ್ಳುವುದೇ. ಬಂದರಿನಲ್ಲಿ ನೀರು, ಸೌದೆ, ಅಕ್ಕಿಗಳ ಜತೆಯಲ್ಲಿ ಕೋಳಿಗಳನ್ನೂ ಕೊಳ್ಳುವುದು ಹಡಗಿನವರ ನಿತ್ಯದ ವ್ಯವಹಾರವಾಗಿದ್ದಿತು. ೧೬೩೮ರಲ್ಲಿ ಕೋರ್ಟೀನನ ಸಂಘದ ಆಂಗ್ಲರು ಕಾರವಾರದಲ್ಲಿ ಕೋಠಿಯನ್ನು ತೆರೆದರು. ಮುಂದೆ ಅದು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಹದಿನೇಳನೆಯ ಶತಮಾನದ ಎಪ್ಪತ್ತರ ದಶಕದಲ್ಲಿ ಈ ಭಾಗಕ್ಕೆ ಬಂದ ವೈದ್ಯ ಜಾನ್ ಫ್ರಾಯರನೂ, ಅವನ ತರುವಾಯ ಬಂದ ನಾವಿಕ ಅಲೆಕ್ಸಾಂಡರ್ ಹ್ಯಾಮಿಲ್ಟನನೂ ಕಾರವಾರದ ವಿಷಯವಾಗಿ ಬರೆದಿಟ್ಟಿರುವರು.

ಹಡಗಿನ ಗೂಡಿನಲ್ಲಿರುವ ಹಕ್ಕಿಗೆ ದಾರಿಯ ಕಾಲವು ಅಷ್ಟೇನೂ ಭಯಂಕರವಲ್ಲ. ನೀರೂ ಕಾಳೂ ಸಿಕ್ಕುವವರೆಗೆ ಅದು ಬದುಕುವುದು. ತಿಂಗಳುಗಟ್ಟಲೆ ನಡೆಯುವ ಯಾನವನ್ನು ಬೆಳೆದ ಹಕ್ಕಿ ಸಹಿಸಬಲ್ಲುದು. ಆದರೆ ಅದಕ್ಕೆ ಸ್ಥಳ ಬೇಕು, ಮೇವು ಬೇಕು, ನೋಡಿಕೊಳ್ಳುವ ಆಳು ಬೇಕು. ಈ ಮೂರರ ವೆಚ್ಚವನ್ನು ಒಂದು ಹಡಗು ಹೊರಬಹುದು, ಒಂದು ಬಡ ಮನೆ ಹೊರಲಾರದು. ಆದುದರಿಂದಲೇ ಆ ಕಾಲದಲ್ಲಿ ತಳಿಗಳು ರಾಜರ ಕಾಣಿಕೆಯಾಗಿಯೋ ನಾವಿಕರ ಉಳಿಕೆಯಾಗಿಯೋ ಪ್ರವಾಸ ಮಾಡಿದವೇ ಹೊರತು ಸಾಮಾನ್ಯ ಗೃಹಸ್ಥನ ಬೇಡಿಕೆಯ ಮೇಲೆ ಪ್ರವಾಸ ಮಾಡಲಿಲ್ಲ. ಬಡವನ ಮನೆಗೆ ದೂರದ ತಳಿ ಬರಬೇಕಾದರೆ ಸರಕು ಹಗುರವಾಗಬೇಕಾಗಿದ್ದಿತು, ದಾರಿಯಲ್ಲಿ ಮೇವನ್ನು ಕೇಳದಂತಿರಬೇಕಾಗಿದ್ದಿತು. ಅಂಥ ಸರಕನ್ನು ಪ್ರಕೃತಿಯೇ ಎರಡು ರೂಪಗಳಲ್ಲಿ ಒದಗಿಸಿದೆ.

೪

ಮೊದಲನೆಯದು ಮೊಟ್ಟೆ. ಕೋಳಿಯ ಮೊಟ್ಟೆಗೆ ೨೧ ದಿನಗಳ ಕಾವು ಬೇಕು, ಸಾಮಾನ್ಯ ಬಾತಿನ ಮೊಟ್ಟೆಗೆ ೨೮, ಮಸ್ಕೊವಿಗೆ ೩೫. ಆದರೆ ಹಕ್ಕಿ ಇಟ್ಟ ಮೊಟ್ಟೆಯನ್ನು ಕೂಡಲೇ ಕಾವಿಗೆ ಹಾಕಲೇಬೇಕೆಂಬ ನಿಯಮವಿಲ್ಲ. ತಂಪಾದ ಎಡೆಯಲ್ಲಿಟ್ಟರೆ ಒಳಗಿನ ಪಿಂಡವು ಬೆಳೆಯದೆ, ಸಾಯದೆ, ನಿದ್ರಿಸುತ್ತಿರುವುದು. ಹೇಂಟೆಯು ದಿನಕ್ಕೊಂದರಂತೆ ಹತ್ತು ಹನ್ನೆರಡು ಮೊಟ್ಟೆಗಳನ್ನಿಟ್ಟು ಆಮೇಲೆ ಕಾವಿಗೆ ಕುಳಿತರೂ ಮರಿಗಳೆಲ್ಲ ಒಂದೇ ದಿನ ಹೊರಡುವುದು ಇದರಿಂದಲೇ. ಮೊಟ್ಟೆಯ ಪ್ರವಾಸವು ಈ ನಿದ್ರೆಯನ್ನು ನಂಬಿಕೊಂಡಿದೆ. ಸೆಂಟಿಗ್ರೇಡ್ ಮಾನದಲ್ಲಿ ಸುಮಾರು ೨೦ ಡಿಗ್ರಿಗಳ ಕೆಳಗೆ ನಿದ್ರೆ ಗಾಢವಾಗಿರುವುದು. ೨೭ನ್ನು ಮೀರಿದರೆ ಪಿಂಡವು ಎಚ್ಚತ್ತು ಬೆಳೆಯತೊಡಗುವುದು. ಆದರೆ ಪೂರ್ಣವಾಗಿ ಬೆಳೆಯಬೇಕಾದರೆ ಬೇಕಾದ ೩೭ ಡಿಗ್ರಿಗಳಿಗೂ ಮೇಲ್ಪಟ್ಟ ಕಾವು ದೊರೆಯದೆ ನಡುವೆಯೇ ಕುಂದುವುದು. ತಂಪಿನಲ್ಲಿದ್ದರೂ ಏಳು ದಿನಗಳಾದ ಮೇಲೆ ದಿನಕ್ಕಿಷ್ಟರಂತೆ ಮರಿಯಾಗುವ ಶಕ್ತಿ ಕಡಿಮೆಯಾಗುತ್ತ ಬರುವುದು.

ಎರಡನೆಯದು ಅಂದಿನ ಮರಿ. ಇದರ ರಹಸ್ಯವನ್ನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿಯೇ ಗ್ರೀಕರ ಅರಿಸ್ಟಾಟಲನು ಕಂಡಿದ್ದನು. ಕಾವಿಗಿಟ್ಟ ಕೋಳಿಯ ಮೊಟ್ಟೆಗಳ ಒಳಗಿನ ಬೆಳವಣಿಗೆಯನ್ನು ಆತನು ವರ್ಣಿಸಿ, ಮರಿ ಹೊರಬಿದ್ದ ಕೆಲವು ದಿನಗಳ ಮೇಲೆಯೂ ಅದರ ಹೊಟ್ಟೆಯಲ್ಲಿ ಹಳದಿಯ ಶೇಷ ಉಳಿದಿರುವುದೆಂದು ಬರೆದನು. ಹೊರಬರುವುದಕ್ಕೆ ಸ್ವಲ್ಪ ಮುಂಚೆ ಮರಿಯು ಉಳಿದ ಹಳದಿ ಲೋಳೆಯನ್ನು ತನ್ನ ಒಡಲೊಳಕ್ಕೆ ಎಳೆದುಕೊಳ್ಳುವುದು. ಆ ಬುತ್ತಿಯಿಂದ ಅದು ಎರಡು ಮೂರು ದಿನ ಮೇವು ನೀರುಗಳಿಲ್ಲದೆ ಜೀವಿಸಬಲ್ಲುದು. ತಾಯಿಹಕ್ಕಿಯು ಮೊದಲು ಹೊರಟ ಮರಿಗಳನ್ನು ಹಸಿವಿನಿಂದ ಕಳೆದುಕೊಳ್ಳದೆ, ಕಡೆಯ ಮೊಟ್ಟೆ ಒಡೆಯುವವರೆಗೆ ಗೂಡಿನಲ್ಲಿಯೇ ಕುಳಿತಿರಲೆಂದು ಇರುವ ಏರ್ಪಾಡಿದು. ಅದನ್ನೇ ಮನುಷ್ಯನು ವ್ಯಾಪಾರಕ್ಕೆ ಉಪಯೋಗಿಸಿಕೊಂಡನು.

ತಾಯಿಯಿಲ್ಲದೆ ಕಾವು ಕೊಡುವ ವಿದ್ಯೆಯೂ ಹಳೆಯದೇ. ಐಗುಪ್ತ ದೇಶದವರು ಇಟ್ಟಿಗೆಯ ಒಲೆಮನೆಗಳಲ್ಲಿ ಸಾವಿರಾರು ಮೊಟ್ಟೆಗಳನ್ನು ಒಟ್ಟಿಗೆ ಮರಿಮಾಡುತ್ತಿದ್ದರು. ಚೀನೀಯರು ಬಾತಿನ ಮೊಟ್ಟೆಗಳಿಗೆ ಕೃತಕವಾದ ಕಾವನ್ನು ಕೊಡುತ್ತಿದ್ದರು. ಫ್ರಾನ್ಸಿನ ವಿಜ್ಞಾನಿ ರೇಯೊಮೂರನು ೧೭೪೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ವಿದ್ಯೆಯನ್ನು ಯುರೋಪಿಗೆ ತರಲು ಯತ್ನಿಸಿದನು. ಆದರೆ ಒಲೆಮನೆಯ ಮರಿಗಳು ಬಹುಕಾಲ ಸುತ್ತಲಿನ ಹಳ್ಳಿಗಳಿಗೇ ಮಾರಾಟವಾಗುತ್ತಿದ್ದವು. ದೂರದ ಗ್ರಾಹಕನಿಗೆ ಅವು ತಲುಪಬೇಕಾದರೆ ಬುತ್ತಿ ಮುಗಿಯುವುದರೊಳಗಾಗಿ ದಾರಿ ಮುಗಿಯಬೇಕಾಗಿದ್ದಿತು. ಆ ವೇಗವು ಉಗಿಬಂಡಿ ಬರುವವರೆಗೆ ಭೂಮಿಯ ಮೇಲೆ ಇರಲಿಲ್ಲ.

ಮೇಲಿನ ಸಂಗತಿಗಳಿಂದ ಒಂದು ಸೂತ್ರ ಹೊರಡುತ್ತದೆ. ಮೊಟ್ಟೆಯನ್ನು ಕೊಲ್ಲುವುದು ಸೆಕೆ. ಮರಿಯನ್ನು ಕೊಲ್ಲುವುದು ತಡ. ಮೊಟ್ಟೆಗೆ ದಾರಿ ತಂಪಾಗಿದ್ದರೆ ಒಂದು ವಾರದ ಅವಧಿಯುಂಟು. ಮರಿಗೆ ದಾರಿ ಬೆಚ್ಚಗಿದ್ದರೂ ಮೂರು ದಿನಗಳಿಗೆ ಮೇಲೆ ಅವಧಿಯಿಲ್ಲ. ಯಾವುದೇ ಊರು ಈ ವ್ಯಾಪಾರಕ್ಕೆ ಸಮೀಪದ್ದೋ ದೂರದ್ದೋ ಎಂಬುದನ್ನು ಈ ಎರಡು ಅಳತೆಗಳಿಂದ ನಿರ್ಣಯಿಸಬೇಕೇ ಹೊರತು ಹರದಾರಿಗಳಿಂದಲ್ಲ.

೫

ಈ ಮೂರು ದಿನಗಳ ಬುತ್ತಿಯನ್ನು ನೆಚ್ಚಿ ಮೊದಲು ವ್ಯಾಪಾರ ಕಟ್ಟಿದವರು ಅಮೆರಿಕ ಸಂಯುಕ್ತ ಸಂಸ್ಥಾನದವರು. ನ್ಯೂ ಜೆರ್ಸಿಯ ಸ್ಟಾಕ್ಟನ್ ಊರಿನ ಜೋಸೆಫ್ ವಿಲ್ಸನನು ೧೮೯೨ರಲ್ಲಿ ಅಂದಿನ ಕೋಳಿಮರಿಗಳನ್ನು ಪೆಟ್ಟಿಗೆಯಲ್ಲಿಟ್ಟು ಉಗಿಬಂಡಿಯ ಮೂಲಕ ಶಿಕಾಗೋ ನಗರದ ಗ್ರಾಹಕನಿಗೆ ಕಳುಹಿಸಿದನು. ೧೯೧೮ರಲ್ಲಿ ಅಲ್ಲಿಯ ಅಂಚೆಯ ಇಲಾಖೆಯು ಅಂದಿನ ಮರಿಗಳನ್ನು ಅಂಚೆಯಲ್ಲಿ ಸ್ವೀಕರಿಸಲು ಒಪ್ಪಿತು. ಬಾತಿನ ಮರಿಗಳೂ ಸೇರಿದಂತೆ ಅಂಥ ಪಾರ್ಸಲುಗಳು ಮರಿ ಹೊರಬಿದ್ದ ೭೨ ಗಂಟೆಗಳೊಳಗೆ ಗ್ರಾಹಕನಿಗೆ ಮುಟ್ಟಬೇಕೆಂಬುದು ಇಂದಿಗೂ ಆ ಅಂಚೆಯ ನಿಯಮ. ಈ ೭೨ ಎಂಬ ಸಂಖ್ಯೆಯನ್ನು ಯಾವ ಅಧಿಕಾರಿಯೂ ಕಲ್ಪಿಸಿದುದಲ್ಲ. ಹಳದಿ ಲೋಳೆಯ ಪ್ರಮಾಣವನ್ನೇ ಕಾಯಿದೆಯ ಭಾಷೆಯಲ್ಲಿ ಬರೆದುದಷ್ಟೆ.

ಹಿಂದೂಸ್ಥಾನದಲ್ಲಿ ಕಾಯಿದೆಯು ಈ ವ್ಯಾಪಾರಕ್ಕೆ ಅಡ್ಡಬಂದಿತೇ ಎಂಬ ಪ್ರಶ್ನೆ ಏಳಬಹುದು. ೧೮೯೮ರ ಅಂಚೆ ಕಾಯಿದೆಯ ೧೯ನೆಯ ಕಲಮು ಸ್ಫೋಟಕ ಮೊದಲಾದ ಅಪಾಯದ ವಸ್ತುಗಳ ಜತೆಯಲ್ಲಿ ಜೀವಂತ ಪ್ರಾಣಿಗಳ ಮಾತನ್ನೂ ಎತ್ತುತ್ತದೆ. ಆದರೆ ಅದು ನಿಷೇಧಿಸಿದುದು ಎಲ್ಲ ಪ್ರಾಣಿಗಳನ್ನಲ್ಲ. ವಿಷಕಾರಿಯಾದ, ಅಥವಾ ಬೇರೆ ಟಪಾಲಿಗೋ ಅಂಚೆಯ ನೌಕರನಿಗೋ ಹಾನಿಮಾಡಬಹುದಾದ ಪ್ರಾಣಿಯನ್ನು ಮಾತ್ರ. ಆ ಕಾಯಿದೆಗೆ ಬದಲಾಗಿ ೨೦೨೩ರಲ್ಲಿ ಹೊಸ ಕಾಯಿದೆ ಅಂಗೀಕೃತವಾಯಿತು. ಅಂತರರಾಷ್ಟ್ರೀಯ ಅಂಚೆಯ ಒಕ್ಕೂಟವೂ ಜೇನುಹುಳು, ಜಿಗಣೆ, ರೇಷ್ಮೆಹುಳು ಇವುಗಳಿಗೆ ದಾರಿ ಬಿಟ್ಟಿದೆ. ಆದುದರಿಂದ ೧೮೯೮ರ ಕಾಯಿದೆಯ ಮಾತುಗಳನ್ನಷ್ಟೇ ನೋಡಿದರೆ, ನಿರಪರಾಧಿಯಾದ ಬಾತಿನ ಮರಿಗೆ ಅಲ್ಲಿ ಶತ್ರುತ್ವವಿರಲಿಲ್ಲ.

ಹಣದ ವ್ಯವಹಾರದಲ್ಲಿ ಮಾತ್ರ ಒಂದು ತೊಡಕು ಇದ್ದಿತು. ಸರಕು ಕೈಗೆ ಬಂದ ಮೇಲೆ ಹಣ ಕೊಡುವ ವಿ. ಪಿ. ಪದ್ಧತಿಯು ಈ ದೇಶದ ಅಂಚೆಯಲ್ಲಿ ೧೮೭೭ರಲ್ಲಿ ಆರಂಭವಾಯಿತು. ಕನ್ನಡ ಗ್ರಂಥಗಳು ಹಳ್ಳಿಹಳ್ಳಿಗೂ ಮುಟ್ಟಿದುದು ಬಹುಮಟ್ಟಿಗೆ ಈ ವಿ. ಪಿ.ಯ ಪುಣ್ಯದಿಂದಲೇ ಎಂಬುದನ್ನು ಸಾಹಿತ್ಯದ ಉಪಾಧ್ಯಾಯರು ಬಲ್ಲರು. ಗ್ರಾಹಕನು ಬಿಡಿಸಿಕೊಳ್ಳದ ಪುಸ್ತಕ ಪ್ರಕಾಶಕನಿಗೆ ಹಿಂದಿರುಗುವುದು, ಮತ್ತೊಬ್ಬನಿಗೆ ಮಾರಾಟವಾಗುವುದು. ಬಿಡಿಸಿಕೊಳ್ಳದ ಮರಿ ಹಿಂದಿರುಗಲಾರದು. ಆದುದರಿಂದ ಮರಿಯ ವ್ಯಾಪಾರಿಯು ಹಣವನ್ನು ಮುಂಗಡವಾಗಿಯೇ ಕೇಳಬೇಕಾಗುವುದು. ಹೀಗೆ ದಾರಿಯ ಸಾವಿನ ನಷ್ಟವೆಲ್ಲ, ಬೇರೆ ಕರಾರು ಇಲ್ಲದಿದ್ದರೆ, ದಾರಿಯ ಕೊನೆಯಲ್ಲಿ ಕಾಯುವವನ ಮೇಲೆಯೇ ಬೀಳುವುದು. ದಾರಿ ಉದ್ದವಾದಷ್ಟೂ ಆ ಭಾರ ಹೆಚ್ಚು. ಹಿತ್ತಲಿನ ಹಕ್ಕಿಗಳಿಂದ ಉಪ್ಪು ಎಣ್ಣೆಗಳ ಖರ್ಚನ್ನು ತೂಗಿಸಿಕೊಳ್ಳುವ ಹೆಂಗಸಿಗೆ ಆ ಭಾರ ಸಣ್ಣದಲ್ಲ.

೬

ಇನ್ನು ಬೈತಖೋಲದ ದಾರಿಗಳನ್ನು ಈ ಅಳತೆಗಳಿಗೆ ಹಿಡಿದು ನೋಡಬಹುದು. ೧೮೬೨ರಲ್ಲಿ ಉತ್ತರ ಕನ್ನಡ ಜಿಲ್ಲೆಯು ಮದ್ರಾಸಿನ ಆಡಳಿತದಿಂದ ಮುಂಬಯಿ ಆಡಳಿತಕ್ಕೆ ಸೇರಿತು. ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರದಿಂದಲೇ ಹಡಗಿಗೆ ಏರಿಸಬೇಕೆಂದು ಮ್ಯಾಂಚೆಸ್ಟರಿನ ವ್ಯಾಪಾರಿಗಳು ಆ ದಶಕದಲ್ಲಿ ಒತ್ತಾಯಪಡಿಸುತ್ತಿದ್ದರು. ಕಾಳಿನದಿಯ ಆಚೆಯ ದಡದ ಸದಾಶಿವಗಡದ ಹೆಸರಿನಲ್ಲಿ ಬಂದರಿನ ಯೋಜನೆಗಳು ನಡೆದವು. ಹುಬ್ಬಳ್ಳಿಗೆ ಉಗಿಬಂಡಿಯ ದಾರಿಯನ್ನು ಹಾಕುವ ಮಾತೂ ಹುಟ್ಟಿತು. ಆದರೆ ಸಹ್ಯಾದ್ರಿಯನ್ನು ಏರುವ ಕಬ್ಬಿಣದ ದಾರಿಯು ೧೮೮೦ರ ದಶಕದಲ್ಲಿ ಪೋರ್ತುಗೀಜರ ಮರ್ಮಗೋವೆಗೆ ಹೋಯಿತು, ಕಾರವಾರಕ್ಕೆ ಬರಲಿಲ್ಲ. ಹತ್ತಿಯ ಚರಿತ್ರೆಯಲ್ಲಿ ಇದು ಬಂದರೊಂದರ ವ್ಯಾಪಾರ ಇಳಿದ ಸಂಗತಿ. ಮರಿಗಳ ಚರಿತ್ರೆಯಲ್ಲಿ ಇದರ ಅರ್ಥ ಇನ್ನೂ ಕಠಿನವಾದುದು: ೭೨ ಗಂಟೆಗಳ ವ್ಯಾಪಾರವು ಪ್ರಪಂಚದಲ್ಲಿ ಹುಟ್ಟುವ ಹೊತ್ತಿಗೆ, ಅದನ್ನು ಹೊರಬಲ್ಲ ವಾಹನವು ಬೈತಖೋಲದ ಹತ್ತಿರಕ್ಕೆ ಬಾರದೆ ತಪ್ಪಿಹೋಗಿದ್ದಿತು.

ಉಳಿದ ದಾರಿಗಳು ಎರಡು. ಮೊದಲನೆಯದು ಮುಂಬಯಿಯ ಕಡೆಗೆ ಕಡಲಿನ ದಾರಿ. ಆಗಬೋಟುಗಳು ಕರಾವಳಿಯ ಬಂದರುಗಳನ್ನು ಮುಟ್ಟುತ್ತ ಬರುತ್ತಿದ್ದವು. ಮಳೆಗಾಲದಲ್ಲಿ ಆ ಸಂಚಾರ ಕುಂಠಿತವಾಗುತ್ತಿದ್ದಿತು. ಎರಡನೆಯದು ಅಂಕೋಲೆಯ ಮೇಲೆ ಅರಬೈಲಿನ ಘಟ್ಟವನ್ನು ಹತ್ತಿ ಯಲ್ಲಾಪುರ ಹುಬ್ಬಳ್ಳಿಗಳಿಗೆ ಹೋಗುವ ಬಂಡಿಯ ದಾರಿ. ಹುಬ್ಬಳ್ಳಿಯಿಂದ ಕಾರವಾರಕ್ಕೆ ಇರುವ ದೂರ ನೂರು ಮೈಲಿಗಳಷ್ಟು. ಎತ್ತಿನ ಬಂಡಿ ಅದನ್ನು ಇಳಿಯುವುದರೊಳಗೆ ಮರಿಯ ಬುತ್ತಿ ತೀರುವುದು. ಮೊಟ್ಟೆಯನ್ನಾದರೂ ತರಿಸೋಣವೆಂದರೆ, ಘಟ್ಟದ ಮೇಲೆ ನಿದ್ರಿಸುತ್ತಿದ್ದ ಪಿಂಡವು ಘಟ್ಟದ ಕೆಳಗಿನ ಸೆಕೆಗೆ ಎಚ್ಚರಗೊಳ್ಳುವುದು. ಕಾರವಾರದಲ್ಲಿ ವರ್ಷದ ಬಹುಭಾಗ ಹಗಲಿನ ಉಷ್ಣತೆ ೩೦ ಡಿಗ್ರಿಗಳ ಆಚೀಚೆ ಇರುವುದಷ್ಟೆ. ಹೀಗೆ ಮರಿಗೆ ಕಾಲವೂ ಮೊಟ್ಟೆಗೆ ಹವೆಯೂ ಪ್ರತಿಕೂಲವಾಗಿ, ಸುರಕ್ಷಿತವಾದ ಕೊಲ್ಲಿಯು ಈ ಎರಡು ಸರಕುಗಳಿಗೆ ಸುರಕ್ಷಿತವಾಗಿರಲಿಲ್ಲ.

೧೯೫೬ರ ನವೆಂಬರ ೧ರಂದು ಜಿಲ್ಲೆಯು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದಾಗ ಅದರ ಆಡಳಿತದ ಮುಖವು ಕಡಲಿನ ಕಡೆಯಿಂದ ಘಟ್ಟದ ಕಡೆಗೆ ತಿರುಗಿತು. ಅಲ್ಲಿಂದ ಮುಂದೆ ಉತ್ತಮ ತಳಿಯ ಹಕ್ಕಿ ಬೇಕಾದವನು ನೋಡತಕ್ಕ ಸ್ಥಳ ಬೆಂಗಳೂರಿನ ಸಮೀಪದ ಹೆಸರಘಟ್ಟವಾಯಿತು. ಅಲ್ಲಿ ಕೇಂದ್ರ ಸರಕಾರದ ಕುಕ್ಕುಟ ಸಂಸ್ಥೆಯ ಜತೆಯಲ್ಲಿ ೧೯೮೦ರ ದಶಕದಲ್ಲಿ ಬಾತಿನ ತಳಿಯ ಕೇಂದ್ರವೂ ಬೆಳೆದು, ಖಾಕಿ ಕ್ಯಾಂಬೆಲ್ ಎಂಬ ತಳಿಯನ್ನು ಹಬ್ಬಿಸಿತು. ಈ ತಳಿಯ ವಂಶಾವಳಿ ವಿನೋದಕರವಾಗಿದೆ. ಇಂಗ್ಲೆಂಡಿನ ಗ್ಲಾಸ್ಟರ್ ಪ್ರಾಂತದ ಅಡೆಲ್ ಕ್ಯಾಂಬೆಲ್ ಎಂಬ ಗೃಹಿಣಿಯು ಇಂಡಿಯನ್ ರನ್ನರ್ ಎಂಬ ಬಾತನ್ನು ಫ್ರಾನ್ಸಿನ ರೂಆನ್ ಬಾತಿನೊಡನೆಯೂ ಕಾಡುಬಾತಿನೊಡನೆಯೂ ಬೆರೆಸಿ, ೧೯೦೦ರ ಸುಮಾರಿಗೆ ಇದನ್ನು ಸಿದ್ಧಪಡಿಸಿದಳು. ಇಂಡಿಯನ್ ಎಂಬ ಹೆಸರಿದ್ದರೂ ಆ ಮೂಲತಳಿಯ ನಾಡು ಹಿಂದೂಸ್ಥಾನವಲ್ಲ. ಜಾವ, ಬಾಲಿ ಮೊದಲಾದ ಪೂರ್ವದ್ವೀಪಗಳು. ಹಾಗೆ ಏಷ್ಯದಿಂದ ಹೊರಟ ರಕ್ತವು ಇಂಗ್ಲೆಂಡಿನ ಒಂದು ಹಿತ್ತಲನ್ನು ಸುತ್ತಿಕೊಂಡು ಹೆಸರಘಟ್ಟಕ್ಕೆ ಬಂದಿತು. ಒಳ್ಳೆಯ ಪೋಷಣೆಯಲ್ಲಿ ಖಾಕಿ ಕ್ಯಾಂಬೆಲ್ ಬಾತು ವರ್ಷಕ್ಕೆ ೩೦೦ರ ಹತ್ತಿರ ಮೊಟ್ಟೆಗಳನ್ನಿಡಬಲ್ಲುದು. ಬಸವನಹುಳು, ಎರೆ, ಗದ್ದೆಯಲ್ಲಿ ಉದುರಿದ ಕಾಳು, ಮೀನಿನ ಉಳಿಕೆ ಇವುಗಳಿಂದ ಹೊಟ್ಟೆಹೊರೆಯುವ ಹಕ್ಕಿಯಾದುದರಿಂದ, ಗಜನಿಯ ಗದ್ದೆಗಳೂ ಮೀನಿನ ಬಂದರುಗಳೂ ಉಳ್ಳ ಕಾರವಾರ ಅಂಕೋಲೆಗಳ ಕರಾವಳಿಗೆ ಇದು ಹೊಂದತಕ್ಕದ್ದೇ. ಕುಡಿಯುವುದಕ್ಕೆ ಸಿಹಿನೀರು ಮಾತ್ರ ಇರಬೇಕು.

ಬಸ್ಸಿನ ಸಂಚಾರವು ಹೆಚ್ಚಿದಂತೆ ಘಟ್ಟದ ದಾರಿಯ ಕಾಲ ಒಂದು ರಾತ್ರಿಗೆ ಇಳಿಯಿತು. ಕೊಂಕಣ ರೈಲುದಾರಿಯು ೧೯೯೮ರ ಜನವರಿಯಲ್ಲಿ ಪೂರ್ಣವಾಗಿ ತೆರೆದು, ಕಾರವಾರವು ಕೊನೆಗೂ ಕಬ್ಬಿಣದ ದಾರಿಯನ್ನು ಕಂಡಿತು; ಆದರೆ ಅದು ಘಟ್ಟವನ್ನು ಏರುವ ದಾರಿಯಲ್ಲ, ಕರಾವಳಿಯ ಉದ್ದಕ್ಕೆ ಓಡುವ ದಾರಿ. ಹುಬ್ಬಳ್ಳಿ ಅಂಕೋಲೆಗಳ ನಡುವಿನ ದಾರಿಯು ೧೯೯೦ರ ದಶಕದ ಕೊನೆಯಲ್ಲಿ ಮಂಜೂರಾದರೂ ಕಾಡಿನ ವಿವಾದದಲ್ಲಿ ಸಿಕ್ಕಿ ಪೂರ್ಣಗೊಂಡಿಲ್ಲ. ಈಗ ಬೆಂಗಳೂರಿನಲ್ಲಿ ಸಂಜೆ ಏರಿದ ಪೆಟ್ಟಿಗೆಯು ಮಂಗಳೂರಿನ ಕಡೆಯಿಂದ ಸುತ್ತಿಕೊಂಡು ಬಂದರೂ ಮರುದಿನ ಬೆಳಗ್ಗೆ ಕಾರವಾರದಲ್ಲಿ ಇಳಿಯಬಲ್ಲುದು. ೧೮೯೨ರಲ್ಲಿ ಶಿಕಾಗೋವಿಗೆ ದೊರೆತ ಸಾಮೀಪ್ಯವು ಬೈತಖೋಲಕ್ಕೆ ದೊರೆಯಲು ಸುಮಾರು ನೂರು ವರ್ಷ ಹಿಡಿಯಿತು.

೭

ಸಾಮೀಪ್ಯ ದೊರೆತುದರಿಂದಲೇ ಕಥೆ ಮುಗಿಯಿತೆಂದು ತಿಳಿಯಲಾಗದು. ಹ್ಯಾಚರಿಯ ಬಾತು ತನ್ನೊಡನೆ ಒಂದು ಕೊರತೆಯನ್ನೂ ತರುವುದು. ಹೆಚ್ಚು ಮೊಟ್ಟೆಗಳಿಗಾಗಿ ಆರಿಸಿ ಆರಿಸಿ ಬೆಳೆಸಿದ ಖಾಕಿ ಕ್ಯಾಂಬೆಲ್ ಬಾತಿನಲ್ಲಿ ಕಾವಿಗೆ ಕೂರುವ ಸ್ವಭಾವವು ಬಹುಮಟ್ಟಿಗೆ ಅಳಿದುಹೋಗಿದೆ. ಕಾವಿಗೆ ಕುಳಿತ ಹಕ್ಕಿ ಮೊಟ್ಟೆಯಿಡುವುದನ್ನು ನಿಲ್ಲಿಸುವುದಾದುದರಿಂದ ಮೊಟ್ಟೆಯನ್ನು ಎಣಿಸುವವನಿಗೆ ತಾಯ್ತನವೇ ದೋಷವಾಗಿ ಕಂಡಿತು. ಇದರ ಫಲವಾಗಿ, ಅಂಥ ಮರಿಗಳನ್ನು ಒಮ್ಮೆ ತರಿಸಿದ ಮನೆಯು ಹಿಂಡು ಮುದಿಯಾದಾಗ ಮತ್ತೆ ಕಾಗದ ಬರೆಯಬೇಕು. ಆ ಕಾಗದವೂ ಇಂದು ಬರೆದು ನಾಳೆ ಫಲಿಸುವಂಥದಲ್ಲ. ಮೊಟ್ಟೆ ಕಾವಿನಲ್ಲಿ ೨೮ ದಿನ ಇರಬೇಕಾದುದರಿಂದ, ಮಳೆ ಹಿಂಜರಿದ ಅಕ್ಟೋಬರಿನಲ್ಲಿ ಮರಿ ಬೇಕಾದವನು ಆಗಸ್ಟಿನಲ್ಲಿಯೇ ಬೇಡಿಕೆ ಸಲ್ಲಿಸಿರುವುದು ಲೇಸು.

ಈ ಪರಾಧೀನತೆಗೆ ಕರಾವಳಿಯ ಮನೆಗಳಲ್ಲಿ ಒಂದು ಹಳೆಯ ಮದ್ದು ಇದೆ. ಅದು ನಾಡಕೋಳಿಯ ಹೇಂಟೆ. ಬಾತಿನ ಮೊಟ್ಟೆಗಳನ್ನು ಕಾವಿಗೆ ಕುಳಿತ ಹೇಂಟೆಯ ಕೆಳಗಿಡುವ ಪದ್ಧತಿ ಮಲೆಯಾಳದ ಬಾತುಗಾರರಲ್ಲಿಯೂ ಬಹುಕಾಲದಿಂದ ನಡೆದಿದೆ. ದಾರಿಯಲ್ಲಿ ಕುಲುಕಿ ಬಂದ ಮೊಟ್ಟೆಗಳನ್ನು ಮೊನೆ ಕೆಳಗಾಗುವಂತೆ ಒಂದು ಹಗಲು ಒಂದು ರಾತ್ರಿ ತಂಪಿನಲ್ಲಿ ತಣಿಯಬಿಡಬೇಕು. ಆಮೇಲೆ ಕತ್ತಲಾದ ಹೊತ್ತಿನಲ್ಲಿ, ಗೂಡನ್ನು ಬಿಡದೆ ಕುಳಿತಿರುವ ಹೇಂಟೆಯ ಕೆಳಗೆ ಎಂಟು ಹತ್ತನ್ನು ಸರಿಸಬೇಕು. ಏಳನೆಯ ದಿನ ದೀಪಕ್ಕೆ ಹಿಡಿದು ನೋಡಿ ಜೀವವಿಲ್ಲದುದನ್ನು ತೆಗೆಯಬೇಕು. ತಾಯಿಬಾತು ನೀರಿನಿಂದೆದ್ದು ಬಂದು ಒದ್ದೆಯ ಗರಿಗಳಿಂದ ಮೊಟ್ಟೆಗಳನ್ನು ತೇವಗೊಳಿಸುವಂತೆ, ಇಲ್ಲಿ ಮನೆಯವರು ಉಗುರುಬೆಚ್ಚಗಿನ ನೀರನ್ನು ಚಿಮುಕಿಸಬೇಕು. ಹೇಂಟೆಯು ತನ್ನ ಜಾತಿಗೆ ಸಾಲುವ ೨೧ ದಿನಗಳನ್ನು ಮೀರಿ ಇನ್ನೂ ಒಂದು ವಾರ ಕುಳಿತಿರುವುದು. ದಿನಗಳನ್ನು ಎಣಿಸುವ ಶಕ್ತಿ ಅದಕ್ಕಿಲ್ಲದಿರುವುದೇ ಬಾತಿನ ಮರಿಗಳ ಭಾಗ್ಯ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಬೈತಖೋಲಕ್ಕೆ ದೂರದ ಮರಿ ಬಾರದೆ ಹೋದುದು ದಾರಿಯ ತಡದಿಂದಲ್ಲ, ಬೇಡಿಕೆ ಇಲ್ಲದುದರಿಂದ. ಮೀನು ಧಾರಾಳವಾಗಿರುವ ಊರಿನಲ್ಲಿ ಬಾತಿನ ಮೊಟ್ಟೆ ಯಾರಿಗೆ ಬೇಕು ಎಂದು ಕೆಲವರು ಕೇಳಬಹುದು. ಆಕ್ಷೇಪದಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಬೇಡಿಕೆಯೆಂಬುದು ಒದಗುವ ವಸ್ತುವನ್ನು ಕಂಡು ಬೆಳೆಯುವುದು. ಜೀವಂತವಾಗಿ ಬರಲಾರದ ವಸ್ತುವಿಗೆ ಯಾರೂ ಎರಡನೆಯ ಸಲ ಹಣ ಕಳುಹಿಸರು. ಮೇಲಾಗಿ ಕರಾವಳಿಯಲ್ಲಿಯೂ ಮಳೆಗಾಲದ ಎರಡು ಮೂರು ತಿಂಗಳ ಕಾಲ ದೋಣಿಗಳು ದಡಕ್ಕೇರುತ್ತವೆ. ಮೀನು ವಿರಳವಾದ ಆ ದಿನಗಳಲ್ಲಿ ಹಿತ್ತಲಿನ ಮೊಟ್ಟೆಗೆ ಬೆಲೆಯಿಲ್ಲವೆಂದು ಹೇಳಲಾಗದು.

ಒಟ್ಟಿನಲ್ಲಿ ಹೇಳುವುದಾದರೆ, ಊರುಗಳ ಸಾಮೀಪ್ಯವನ್ನು ಸರಕನ್ನು ನೋಡಿ ಹೇಳಬೇಕು. ಮೆಣಸಿಗೆ ಲಂಡನ್ನಿನವರೆಗೂ ಸಮೀಪವಾಗಿದ್ದ ಬೈತಖೋಲವು, ಮೂರು ದಿನದ ಬುತ್ತಿಯನ್ನು ಹೊಟ್ಟೆಯಲ್ಲಿ ಹೊತ್ತು ಹೊರಡುವ ಮರಿಗೆ ಹುಬ್ಬಳ್ಳಿಯಿಂದಲೂ ದೂರವಾಗಿದ್ದಿತು. ಕಾಯಿದೆ ಬಿಟ್ಟುಕೊಟ್ಟ ದಾರಿಯನ್ನು ಘಟ್ಟವು ಬಿಡಲಿಲ್ಲ. ಘಟ್ಟವು ಬಿಟ್ಟುಕೊಟ್ಟ ಮೇಲೆ ತಳಿಯ ಸುಧಾರಣೆಯು ಮತ್ತೊಂದು ಬಗೆಯ ದೂರವನ್ನು ತಂದಿತು. ಇವೆರಡರ ನಡುವೆ ಆ ಮನೆಗಳ ಕೈಯಲ್ಲಿ ಉಳಿದ ಸ್ವಂತದ ಹ್ಯಾಚರಿಯೆಂದರೆ ಬುಟ್ಟಿಯಲ್ಲಿ ಕುಳಿತ ನಾಡಹೇಂಟೆಯೇ. ತಳಿಯ ಕೇಂದ್ರಗಳ ಲೆಕ್ಕಪತ್ರಗಳಲ್ಲಿ ಅದಕ್ಕೆ ಬೆಲೆ ಸಿಗುವುದು ವಿರಳವಾದರೂ, ಕರಾವಳಿಯ ಹಿತ್ತಲುಗಳ ಚರಿತ್ರೆಯನ್ನು ಮುಂದೆ ವಿಸ್ತಾರವಾಗಿ ಬರೆಯುವವರು ಅದಕ್ಕೆ ಒಂದು ಪ್ರಕರಣವನ್ನಾದರೂ ಕೊಡಬೇಕಾಗುವುದು.